ಹಳ್ಳಿಯ ವಿದ್ಯಾರ್ಥಿಗೆ ಮುಚ್ಚಿದ ಪೆಟ್ಟಿಗೆಯೇ ಏಕೆ?

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ಮೇಲೆ ಕೋಲಾರ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಒಂದೇ ಮಾತುಕತೆ. ಮಗಳು ಬಿಸಿಎ ಸೇರುತ್ತಾಳೆ, ಮಗ ಡಿಪ್ಲೊಮಾಗೆ ಹೋಗುತ್ತಾನೆ, ಕಂಪ್ಯೂಟರ್ ಬೇಕಂತೆ. ಆ ಮಾತುಕತೆ ಮುಗಿಯುವ ಬಗೆಯೂ ಒಂದೇ: "ಲ್ಯಾಪ್‌ಟಾಪ್ ಕೊಡಿಸಿಬಿಡಿ, ತಿಂಗಳಿಗಿಷ್ಟು ಅಂತ ಕಂತು ಕಟ್ಟಿದರಾಯಿತು." ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಚಿಕ್ಕಪ್ಪ ಹೇಳುವುದು ಇದನ್ನೇ, ಅಂಗಡಿಯವರು ಹೇಳುವುದು ಇದನ್ನೇ, ಕಾಲೇಜಿನ ಮೇಷ್ಟ್ರು ಹೇಳುವುದೂ ಇದನ್ನೇ. ಮಗಳೇನಾದರೂ "ಬಿಡಿಭಾಗ ಆರಿಸಿ ಜೋಡಿಸಿಕೊಂಡರೆ ಇನ್ನೂ ಕಡಿಮೆಗೆ ಆಗುತ್ತಪ್ಪ" ಎಂದರೆ ಎಲ್ಲರೂ ಸೇರಿ ಅವಳ ಬಾಯಿ ಮುಚ್ಚಿಸುತ್ತಾರೆ. ಅದು ಎಂಜಿನಿಯರುಗಳ ಕೆಲಸವಂತೆ, ಗೇಮ್ ಆಡುವ ಸಿಟಿ ಹುಡುಗರ ಶೋಕಿಯಂತೆ, ಹಳ್ಳಿಯವರಿಗೆ ಹೇಳಿಸಿದ್ದಲ್ಲವಂತೆ.

ಈ ಅಭಿಪ್ರಾಯ ಎಷ್ಟು ಆಳಕ್ಕಿಳಿದಿದೆಯೆಂದರೆ ಅದನ್ನು ಯಾರೂ ಪರೀಕ್ಷಿಸುವುದೇ ಇಲ್ಲ. ಲೆಕ್ಕದಲ್ಲೂ ಅದು ತಪ್ಪು, ಕಲಿಕೆಯ ದೃಷ್ಟಿಯಿಂದಲೂ ತಪ್ಪು. ಎಲ್ಲಕ್ಕಿಂತ ಮಿಗಿಲಾಗಿ, ಹಳ್ಳಿಯ ಮಕ್ಕಳ ತಿಳಿವಳಿಕೆಯ ಬಗ್ಗೆ ನಾವು ಇಟ್ಟುಕೊಂಡಿರುವ ತಾತ್ಸಾರ ಅದರಲ್ಲಿದೆ. ಕಡಿಮೆ ಹಣದಲ್ಲಿ ಓದುವ ವಿದ್ಯಾರ್ಥಿಗೆ ತನ್ನ ಚಿಕ್ಕ ಕಂಪ್ಯೂಟರಿನ ಭಾಗಗಳನ್ನು ತಾನೇ ಆರಿಸಿಕೊಳ್ಳುವ ಹಕ್ಕಿದೆ. ಆ ಹಕ್ಕನ್ನು ಅವರಿಂದ ಕಸಿದುಕೊಂಡವರು ನಾವು.

ಮಾರ್ಕಂಡೇಶ್ವರ ಬೆಟ್ಟದ ಮಗ್ಗುಲಿನ ವಕ್ಕಲೇರಿಯನ್ನೇ ತೆಗೆದುಕೊಳ್ಳಿ. ಸುತ್ತಲಿನ ಹಳ್ಳಿಗಳಲ್ಲಿ ಟೊಮ್ಯಾಟೊ, ರೇಷ್ಮೆ, ಹೈನುಗಾರಿಕೆ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಈ ಜಿಲ್ಲೆಯಲ್ಲಿ ರೈತರು ಸಾವಿರ ಅಡಿ ದಾಟಿದ ಬೋರ್‌ವೆಲ್‌ನಿಂದ ನೀರೆತ್ತುತ್ತಾರೆ. ಆ ನೀರು ಮೇಲೆ ಬರುವುದಕ್ಕೆ ಮುಂಚೆ ಎಷ್ಟು ಆಯ್ಕೆಗಳು ನಡೆದಿರುತ್ತವೆ! ಮೋಟರು ಎಷ್ಟು ಎಚ್‌ಪಿ, ಪಂಪು ಎಷ್ಟು ಸ್ಟೇಜು, ಅಷ್ಟು ಆಳಕ್ಕೆ ಕೇಬಲ್ ಎಷ್ಟು ದಪ್ಪ ಬೇಕು, ಪೈಪು ಯಾವುದು, ಪ್ಯಾನೆಲ್ ಬೋರ್ಡು ಯಾರದು, ಹೊಲದ ಡ್ರಿಪ್ಪಿಗೆ ಫಿಲ್ಟರ್ ಯಾವ ಅಳತೆಯದು. ಒಂದೊಂದನ್ನೂ ಬೇರೆ ಬೇರೆ ಕೊಂಡು, ಒಂದಕ್ಕೊಂದು ಹೊಂದುತ್ತದೆಯೇ ಎಂದು ನೋಡಿ, ಬೇಲಿಯಾಚೆಯವರ ಅನುಭವ ಕೇಳಿ ಜೋಡಿಸುತ್ತಾರೆ. ಲೆಕ್ಕ ತಪ್ಪಿದರೆ ಮೋಟರು ಸುಡುತ್ತದೆ, ಬೆಳೆ ಒಣಗುತ್ತದೆ. ಇಷ್ಟನ್ನು ಓದು ಕಡಿಮೆಯಿರುವ ಅಪ್ಪ ಮಾಡುತ್ತಾನೆ. ಅದೇ ಮನೆಯಲ್ಲಿ ಪಿಯುಸಿ ವಿಜ್ಞಾನ ಮುಗಿಸಿದ ಮಗಳಿಗೆ ಮದರ್‌ಬೋರ್ಡು, ರ‍್ಯಾಮು, ಎಸ್‌ಎಸ್‌ಡಿ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಲು ಬರುವುದಿಲ್ಲವೇ? ಯಾವ ಆಧಾರದ ಮೇಲೆ ಹೀಗೆ ಹೇಳುತ್ತೀರಿ?

ಇನ್ನೊಂದು ಸಂಗತಿ ಮನಸ್ಸನ್ನು ಹೆಚ್ಚು ಕಲಕುತ್ತದೆ. ಅದೇ ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ಐಫೋನ್ ಜೋಡಿಸುವ ಕಾರ್ಖಾನೆ ಇದೆ. ತೈವಾನಿನ ವಿಸ್ಟ್ರಾನ್ ಅದನ್ನು ನಡೆಸುತ್ತಿತ್ತು. 2020ರ ಡಿಸೆಂಬರ್ 12ರಂದು ಸಂಬಳದ ವಿಷಯಕ್ಕೆ ಕಾರ್ಮಿಕರ ಸಿಟ್ಟು ಅಲ್ಲಿ ಸಿಡಿದದ್ದು ದೇಶಕ್ಕೆಲ್ಲ ಗೊತ್ತು. 2023ರಲ್ಲಿ ಟಾಟಾ ಸಮೂಹ ಅದನ್ನು ಕೊಂಡಿತು. ಕೂದಲೆಳೆಯಷ್ಟು ತೆಳ್ಳಗಿನ ಭಾಗಗಳನ್ನು ತಪ್ಪಿಲ್ಲದೆ ಕೂರಿಸುವ ಕೆಲಸಕ್ಕೆ ಈ ಸುತ್ತಿನ ಯುವಕ ಯುವತಿಯರ ಕೈ ಆಗುತ್ತದೆ. ಬೇರೆಯವರು ಆರಿಸಿದ ಭಾಗಗಳನ್ನು, ಬೇರೆಯವರು ಹೇಳಿದ ಕ್ರಮದಲ್ಲಿ, ಬೇರೆಯವರಿಗಾಗಿ ಜೋಡಿಸಲು ನಮ್ಮ ಮಕ್ಕಳು ಯೋಗ್ಯರು. ತಮ್ಮ ಓದಿಗೆ, ತಮ್ಮ ಮೇಜಿಗೆ, ತಾವೇ ಆರಿಸಿ ಜೋಡಿಸಿಕೊಳ್ಳಲು ಮಾತ್ರ ಯೋಗ್ಯರಲ್ಲವೇ? ಈ ಎರಡು ಮಾತು ಒಟ್ಟಿಗೆ ಹೇಗೆ ನಿಜವಾಗುತ್ತವೆ?

ಹಣದ ಮಾತಿಗೆ ಬರೋಣ, ಏಕೆಂದರೆ ಲ್ಯಾಪ್‌ಟಾಪ್ ವಾದ ನಿಂತಿರುವುದೇ "ಕಂತಿನಲ್ಲಿ ಸುಲಭ" ಎಂಬ ಮಾತಿನ ಮೇಲೆ. ಟೊಮ್ಯಾಟೊ ಬೆಳೆಯುವ ಮನೆಯ ಆದಾಯ ಹೇಗಿರುತ್ತದೆಂದು ಕೋಲಾರದವರಿಗೆ ಬಿಡಿಸಿ ಹೇಳಬೇಕಿಲ್ಲ. 2023ರ ಜುಲೈನಲ್ಲಿ ಇಲ್ಲಿನ ಎಪಿಎಂಸಿಯಲ್ಲಿ 15 ಕೆಜಿಯ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ಬೇರೆ ಕಾಲದಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಗೆ ಸುರಿದಿದ್ದಾರೆ. ಹೀಗೆ ಏರಿಳಿಯುವ ಕೈಗೆ ತಿಂಗಳು ತಿಂಗಳೂ ತಪ್ಪದೆ ಕಟ್ಟಬೇಕಾದ ಕಂತನ್ನು ಕಟ್ಟಿಹಾಕುವುದು ಸುಲಭದ ದಾರಿಯೇ? ಒಂದು ಕಂತು ತಪ್ಪಿದರೆ ದಂಡ, ಫೋನಿನ ಮೇಲೆ ಫೋನು. "ನೋ ಕಾಸ್ಟ್ ಇಎಂಐ" ಎಂದು ಬೋರ್ಡು ಹಾಕುತ್ತಾರೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಬಡ್ಡಿಯನ್ನು ಪ್ರೊಸೆಸಿಂಗ್ ಶುಲ್ಕದ ಹೆಸರಿನಲ್ಲಿ ಮರೆಮಾಚಲಾಗುತ್ತದೆ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಹೊರಡಿಸಿ ಎಚ್ಚರಿಸಿತ್ತು. ಆ ಮಾತನ್ನು ನಮ್ಮ ಅಂಗಡಿ ಬೀದಿಗಳಲ್ಲಿ ತಂದೆತಾಯಿಗೆ ಯಾರು ಹೇಳುತ್ತಾರೆ?

ಭಾಗ ಭಾಗವಾಗಿ ಕಟ್ಟುವ ಕಂಪ್ಯೂಟರು ಈ ಬಗೆಯ ಆದಾಯಕ್ಕೆ ತಾನಾಗಿ ಹೊಂದಿಕೊಳ್ಳುತ್ತದೆ. ಇದೇ ನನ್ನ ಮುಖ್ಯ ವಾದ. ಇವತ್ತು 8 ಜಿಬಿಯ ಒಂದೇ ರ‍್ಯಾಮ್ ಹಾಕಿಸಿ, ಪಕ್ಕದ ಸ್ಲಾಟನ್ನು ಖಾಲಿ ಬಿಡಿ. ಬೆಳೆಗೆ ಬೆಲೆ ಬಂದಾಗ, ಸ್ಕಾಲರ್‌ಶಿಪ್ ಬಂದಾಗ, ಇನ್ನೊಂದನ್ನು ತಂದು ಕೂರಿಸಿ. ಇವತ್ತು 256 ಜಿಬಿಯ ಎಸ್‌ಎಸ್‌ಡಿ ಸಾಕು, ಮೂರನೇ ವರ್ಷದ ಪ್ರಾಜೆಕ್ಟಿಗೆ ಜಾಗ ಸಾಲದಿದ್ದರೆ ಇನ್ನೊಂದು ಸೇರಿಸಿ. ಹಣ ಬಂದಾಗ ಖರ್ಚು, ಬರದಾಗ ಸಾಲವಿಲ್ಲ. ಕಡಿಮೆ ಬೆಲೆಯ ತೆಳು ಲ್ಯಾಪ್‌ಟಾಪುಗಳಲ್ಲಿ ಅನೇಕದರಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಕೊಂಡ ದಿನ ಎಷ್ಟಿತ್ತೋ ಎಸೆಯುವ ದಿನವೂ ಅಷ್ಟೇ. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಗಗನಕ್ಕೇರಿತು. ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ಕ್ರೂಷಿಯಲ್ ಬ್ರಾಂಡನ್ನೇ ಮುಚ್ಚುವುದಾಗಿ ಮೈಕ್ರಾನ್ ಕಂಪನಿ ಆ ಡಿಸೆಂಬರಿನಲ್ಲಿ ಘೋಷಿಸಿತು. ಇಂಥ ಹೊತ್ತಿನಲ್ಲಿ ಅರ್ಧ ಕೊಂಡು ಉಳಿದರ್ಧಕ್ಕೆ ಕಾಯುವ ಅವಕಾಶ ಬಡವರಿಗೆ ಎಷ್ಟು ದೊಡ್ಡದು! ಅದನ್ನು ಬೆಸುಗೆ ಹಾಕಿ ಮುಚ್ಚಿದ ಮೇಲೆ ಕಾಯುವುದಕ್ಕೆ ಏನು ಉಳಿಯಿತು?

"ಬ್ರಾಂಡೆಡ್ ಆದರೆ ವಾರಂಟಿ ಇರುತ್ತೆ" ಎನ್ನುವವರು ವಾರಂಟಿ ಚೀಟಿಯನ್ನು ಓದಿದ್ದಾರೆಯೇ? ಅಗ್ಗದ ಲ್ಯಾಪ್‌ಟಾಪಿಗೆ ಸಾಮಾನ್ಯವಾಗಿ ಒಂದೇ ವರ್ಷ. ಪದವಿ ಮೂರು ವರ್ಷ. ಡಬ್ಬಿಯಲ್ಲಿ ಬರುವ ಇಂಟೆಲ್, ಎಎಂಡಿ ಪ್ರೊಸೆಸರಿಗೆ ಮೂರು ವರ್ಷದ ವಾರಂಟಿ. ಒಳ್ಳೆಯ ಮದರ್‌ಬೋರ್ಡು, ಎಸ್‌ಎಸ್‌ಡಿ, ಕಂಪ್ಯೂಟರಿಗೆ ಕರೆಂಟು ಪೂರೈಸುವ ಎಸ್‌ಎಂಪಿಎಸ್‌ಗಳಿಗೂ ಸಾಮಾನ್ಯವಾಗಿ ಮೂರು ವರ್ಷ, ಕೆಲವಕ್ಕೆ ಐದು. ಜೊತೆಗೆ ಕೆಟ್ಟದ್ದು ಯಾವ ಭಾಗವೋ ಅದನ್ನಷ್ಟೇ ಬಿಚ್ಚಿ ಕೊಟ್ಟರಾಯಿತು, ಇಡೀ ಕಂಪ್ಯೂಟರು ಸರ್ವೀಸ್ ಸೆಂಟರಿನಲ್ಲಿ ವಾರಗಟ್ಟಲೆ ಕೂರುವುದಿಲ್ಲ. ಇದಕ್ಕೆ ಬೇಕಾದದ್ದು ಒಂದು: ಪ್ರತಿ ಭಾಗದ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ಲು. ಆ ಬಿಲ್ಲನ್ನು ಕೇಳಿ ಪಡೆಯಿರಿ ಎಂದು ಮಕ್ಕಳಿಗೆ ಕಲಿಸುವ ಬದಲು "ಬಿಡಿಭಾಗಕ್ಕೆ ಗ್ಯಾರಂಟಿ ಇಲ್ಲ" ಎಂದು ಹೆದರಿಸುತ್ತಿದ್ದೇವೆ.

ಹೆದರಿಸಿದ್ದರಿಂದ ಲಾಭವಾದದ್ದು ಯಾರಿಗೆ? ಆಯ್ಕೆ ಕಲಿಯದ ಗಿರಾಕಿಯೆಂದರೆ ಕೆಟ್ಟ ವ್ಯಾಪಾರಿಗೆ ಹಬ್ಬ. "ಐ5 ಕಂಪ್ಯೂಟರ್, ಹೊಸದು" ಎಂದು ಹೇಳಿ ಮಾರುವ ಪೆಟ್ಟಿಗೆಯೊಳಗೆ 2012ರಲ್ಲಿ ಬಂದ ಮೂರನೇ ತಲೆಮಾರಿನ ಐ5-3470 ಇರುತ್ತದೆ, ಅದಕ್ಕೆ ಹೊಸದಾಗಿ ತಯಾರಾದ ಹೆಸರಿಲ್ಲದ ಎಚ್61 ಬೋರ್ಡು. ಹೊರಗೆ ಹೊಸ ಕ್ಯಾಬಿನೆಟ್ಟು, ಬಣ್ಣದ ದೀಪ. ಹತ್ತು ವರ್ಷ ಈಚಿನ ಐ3-12100, ಹೆಸರಿನಲ್ಲಿ "3" ಇದ್ದರೂ, ಅದನ್ನು ಬಹಳ ಹಿಂದೆ ಹಾಕುತ್ತದೆ. ಐ5 ದೊಡ್ಡದು, ಐ3 ಚಿಕ್ಕದು ಎಂಬುದಷ್ಟೇ ಗೊತ್ತಿರುವ ತಂದೆ ಇದನ್ನು ಹೇಗೆ ಕಂಡುಹಿಡಿಯಬೇಕು? ಇನ್ನೊಂದು ಮೋಸ ಇನ್ನೂ ನಯವಾದದ್ದು. ಹೆಸರಿನ ಕೊನೆಗೆ "ಎಫ್" ಇರುವ ಇಂಟೆಲ್ ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಕೊಂಚ ಅಗ್ಗವೆಂದು ಅದನ್ನು ಕೊಟ್ಟು, ಪರದೆಗೆ ಚಿತ್ರ ಬರಬೇಕಲ್ಲ ಎಂದು 2016ರ ಜಿಟಿ 710ರಂಥ ಹಳೆಯ ಕಾರ್ಡನ್ನು "2 ಜಿಬಿ ಗ್ರಾಫಿಕ್ ಕಾರ್ಡ್" ಎಂಬ ಹೆಗ್ಗಳಿಕೆಯೊಂದಿಗೆ ಸೇರಿಸಿ ಮಾರುತ್ತಾರೆ. ಒಂದಕ್ಷರ ಓದಲು ಕಲಿಸಿದ್ದರೆ ಆ ಹಣ ಉಳಿಯುತ್ತಿತ್ತು. ಎಲ್ಲ ವ್ಯಾಪಾರಿಗಳೂ ಹೀಗಲ್ಲ. ಆದರೆ ಒಳ್ಳೆಯ ವ್ಯಾಪಾರಿಯನ್ನು ಗುರುತಿಸುವುದಕ್ಕೂ ಆ ಅಕ್ಷರ ಗೊತ್ತಿರಬೇಕು.

ಇನ್ನು ಆಯ್ಕೆ ಅಷ್ಟೊಂದು ಕಷ್ಟವೇ? ಬಿಸಿಎ ಓದುವವಳ ಕೆಲಸ ಏನೆಂದು ಮೊದಲು ನೋಡಿ: ಸಿ, ಜಾವಾ, ಪೈಥಾನ್ ಬರೆಯುವುದು, ಡೇಟಾಬೇಸ್ ಓಡಿಸುವುದು, ಬ್ರೌಸರಿನಲ್ಲಿ ಹತ್ತು ಪುಟ ತೆರೆದಿಡುವುದು, ಪಾಠದ ವಿಡಿಯೊ ನೋಡುವುದು, ಪ್ರಾಜೆಕ್ಟ್ ವರದಿ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಟೈಪ್ ಮಾಡುವುದು. ಇದಕ್ಕೆ ಪ್ರತ್ಯೇಕ ಗ್ರಾಫಿಕ್ ಕಾರ್ಡ್ ಬೇಡವೇ ಬೇಡ. ಗ್ರಾಫಿಕ್ಸನ್ನು ತನ್ನೊಳಗೇ ಇಟ್ಟುಕೊಂಡಿರುವ ಪ್ರೊಸೆಸರು ಸಾಕು. 2021ರಲ್ಲಿ ಬಂದ ಎಎಂಡಿಯ ರೈಝನ್ 5 5600ಜಿಯಲ್ಲಿ ಆರು ಕೋರುಗಳಿವೆ, 65 ವ್ಯಾಟಿನ ವರ್ಗದ್ದು. ಮೇಲೆ ಹೇಳಿದ ಐ3-12100ರಲ್ಲಿ ನಾಲ್ಕು ಕೋರು, ಅದೂ ಸಾಕು. ಪ್ರೊಸೆಸರು ಗೊತ್ತಾದರೆ ಬೋರ್ಡಿನ ಸಾಕೆಟ್ಟು ಗೊತ್ತಾಯಿತು: ಮೊದಲನೆಯದಕ್ಕೆ ಎಎಂ4, ಎರಡನೆಯದಕ್ಕೆ ಎಲ್‌ಜಿಎ1700. ಬೋರ್ಡು ಗೊತ್ತಾದರೆ ರ‍್ಯಾಮು ಡಿಡಿಆರ್4ಓ ಡಿಡಿಆರ್5ಓ ಎಂಬುದು ಗೊತ್ತಾಯಿತು. ಇವೆರಡರ ಅಂಚಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುವುದರಿಂದ ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದೇ ಇಲ್ಲ. ಪ್ರೊಸೆಸರಿನ ಮೂಲೆಯಲ್ಲಿ ಒಂದು ಪುಟ್ಟ ತ್ರಿಕೋನ, ಸಾಕೆಟ್ಟಿನ ಮೂಲೆಯಲ್ಲಿ ಅಂಥದ್ದೇ ಗುರುತು. ಎರಡನ್ನೂ ಎದುರುಬದುರು ಇಟ್ಟರೆ ಮುಗಿಯಿತು. ತಪ್ಪಾಗಿ ಜೋಡಿಸುವುದು ಕಷ್ಟವಾಗಲಿ ಎಂದೇ ಈ ಭಾಗಗಳನ್ನು ರೂಪಿಸಿದ್ದಾರೆ. ಬೇಕಾದ ಹತ್ಯಾರು ಒಂದು ಸ್ಟಾರ್ ಸ್ಕ್ರೂಡ್ರೈವರು.

ರ‍್ಯಾಮಿನ ವಿಷಯದಲ್ಲಿ ಇನ್ನೊಂದು ಮಾತು. ಡಿಡಿಆರ್4-3200ರ ಒಂದು ರ‍್ಯಾಮು ಸೆಕೆಂಡಿಗೆ 25.6 ಜಿಬಿ ಸಾಗಿಸಬಲ್ಲದು, ಜೋಡಿ ಹಾಕಿದರೆ 51.2. ಪ್ರೊಸೆಸರಿನೊಳಗಿನ ಗ್ರಾಫಿಕ್ಸಿಗೆ ತನ್ನದೇ ಮೆಮೊರಿ ಇಲ್ಲ, ಅದು ಇದನ್ನೇ ಹಂಚಿಕೊಳ್ಳುತ್ತದೆ. ಹಾಗಾಗಿ ಎರಡನೆಯ ರ‍್ಯಾಮ್ ಹಾಕಿದ ದಿನ ಕಂಪ್ಯೂಟರಿನ ಜಾಗ ಹೆಚ್ಚುವುದರ ಜೊತೆಗೆ ಓಟವೂ ಹೆಚ್ಚುತ್ತದೆ. ಕಂಪ್ಯೂಟರ್ ಆರ್ಗನೈಸೇಷನ್ ಪೇಪರಿನಲ್ಲಿ ಮೆಮೊರಿ ಬ್ಯಾಂಡ್‌ವಿಡ್ತ್ ಎಂದರೇನೆಂದು ಅಂಕಕ್ಕಾಗಿ ಬರೆಯುವ ವಿದ್ಯಾರ್ಥಿ ರ‍್ಯಾಮನ್ನು ಕೈಯಲ್ಲಿ ಹಿಡಿದು ನೋಡದೆ ಪದವಿ ಮುಗಿಸುತ್ತಾನೆ. ಇದನ್ನು ಶಿಕ್ಷಣ ಎನ್ನುತ್ತೇವೆ. ಆ ಎರಡನೆಯ ರ‍್ಯಾಮನ್ನು ತಾನೇ ಕೂರಿಸಿ ವ್ಯತ್ಯಾಸ ಕಂಡವಳಿಗೆ ಆ ವ್ಯಾಖ್ಯೆಯನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ.

"ಡೆಸ್ಕ್‌ಟಾಪ್ ಎಂದರೆ ಅರ್ಧ ಕೋಣೆ ಬೇಕು" ಎಂಬುದು ಇಪ್ಪತ್ತೈದು ವರ್ಷದ ಹಿಂದಿನ ಮಾತು. ಮಿನಿ ಐಟಿಎಕ್ಸ್ ಎಂಬ ಬೋರ್ಡಿನ ಅಳತೆ ಉದ್ದ ಅಗಲ ಹದಿನೇಳು ಹದಿನೇಳು ಸೆಂಟಿಮೀಟರ್. ಅದು ಬಂದದ್ದು 2001ರಲ್ಲಿ. ಅದರ ಬೆಲೆ ಹೆಚ್ಚಾಯಿತೆಂದರೆ ಮೈಕ್ರೊ ಎಟಿಎಕ್ಸ್ ಬೋರ್ಡಿನ ಚಿಕ್ಕ ಕ್ಯಾಬಿನೆಟ್ಟು ಸಾಕು, ಹಾಸ್ಟೆಲಿನ ಮೇಜಿನ ಕೆಳಗೆ ಕೂರುತ್ತದೆ. ಇನ್ನೂ ಅಗ್ಗ, ಇನ್ನೂ ಚಿಕ್ಕದು ಬೇಕೆ? ಬೆಂಗಳೂರಿನ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಡುವ ಆಫೀಸು ಮಿನಿ ಕಂಪ್ಯೂಟರುಗಳಿವೆ: ಲೆನೊವೊ ಎಂ720ಕ್ಯೂ, ಡೆಲ್ ಆಪ್ಟಿಪ್ಲೆಕ್ಸ್ 3060 ಮೈಕ್ರೊ, ಎಚ್‌ಪಿ 800 ಜಿ4 ಮಿನಿ. ಒಂದೊಂದೂ ದಪ್ಪ ಪುಸ್ತಕದಷ್ಟು. ಒಳಗೆ ಎಂಟನೇ ತಲೆಮಾರಿನ ಇಂಟೆಲ್, ಐ5-8500ಟಿ ಆದರೆ ಆರು ಕೋರು, ಬರೀ 35 ವ್ಯಾಟಿನ ವರ್ಗ. ಎರಡು ರ‍್ಯಾಮ್ ಸ್ಲಾಟು, ಎಸ್‌ಎಸ್‌ಡಿಗೆ ಜಾಗ, ಹಿಂದಿನಿಂದ ಸ್ಕ್ರೂ ಬಿಚ್ಚಿದರೆ ಎಲ್ಲ ಕಣ್ಣೆದುರು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಎಂದರೆ ಸಾದರ್ ಪತ್ರಪ್ಪ ರಸ್ತೆಯಲ್ಲಿ, ಇಂಥವನ್ನು ಬಿಲ್ಲಿನೊಂದಿಗೆ ಮಾರುವ ಅಂಗಡಿಗಳಿವೆ. ನೋಡಬೇಕಾದದ್ದು ತಲೆಮಾರು. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲಿನ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಈಚಿನದು ಬೇಕು. ಏಳನೆಯದನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ, ವಿಂಡೋಸೇ ಬೇಕೆನ್ನುವವರು ಮುಟ್ಟಬಾರದು.

ಕರೆಂಟಿನ ವಿಷಯ ಎತ್ತುತ್ತಾರೆ. "ಹಳ್ಳೀಲಿ ಕರೆಂಟ್ ಇರಲ್ಲ, ಲ್ಯಾಪ್‌ಟಾಪಾದರೆ ಬ್ಯಾಟರಿ ಇರುತ್ತೆ" ಎನ್ನುತ್ತಾರೆ. ಆ ಬ್ಯಾಟರಿ ಮೂರನೇ ವರ್ಷಕ್ಕೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಬಳಸಿದವರನ್ನು ಕೇಳಿ. ದಿನವಿಡೀ ಪ್ಲಗ್ಗಿಗೆ ಸಿಕ್ಕಿಸಿಕೊಂಡೇ ಇರುವ ಲ್ಯಾಪ್‌ಟಾಪು ಹೆಸರಿಗಷ್ಟೇ ಒಯ್ಯಬಹುದಾದದ್ದು. ನಾನು ಹೇಳಿದಂಥ ಚಿಕ್ಕ ಕಂಪ್ಯೂಟರು ಸಾಮಾನ್ಯ ಕೆಲಸದಲ್ಲಿ ಮಾನಿಟರೂ ಸೇರಿ ಐವತ್ತು ಅರವತ್ತು ವ್ಯಾಟು ತಿನ್ನುತ್ತದೆ, ಹಳೆಯ ಸೀಲಿಂಗ್ ಫ್ಯಾನಿಗಿಂತ ಹೆಚ್ಚಲ್ಲ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದೇ ಸಾಕು. ಇಲ್ಲದಿದ್ದರೆ 600 ವಿಎ ಯುಪಿಎಸ್ಸು ಬರೆದದ್ದನ್ನು ಉಳಿಸಿ, ಅರ್ಧ ಗಂಟೆಯಷ್ಟು ಕೆಲಸ ಮುಂದುವರಿಸಲು ಬಿಡುತ್ತದೆ. ಬ್ಯಾಟರಿ ಸತ್ತರೆ ಯುಪಿಎಸ್ಸಿನ ಬ್ಯಾಟರಿ ಮಾತ್ರ ಬದಲಿಸಿದರಾಯಿತು.

ಹಳ್ಳಿಯಲ್ಲಿ ನಿಜವಾಗಿ ಗಮನ ಕೊಡಬೇಕಾದ ಎರಡು ಸಂಗತಿಗಳನ್ನು ಈ ಸಲಹೆಗಾರರು ಹೇಳುವುದೇ ಇಲ್ಲ. ಒಂದು, ಕ್ಯಾಬಿನೆಟ್ಟಿನ ಜೊತೆ ಬಿಟ್ಟಿಯಾಗಿ ಬರುವ ಎಸ್‌ಎಂಪಿಎಸ್. ಮೇಲೆ 450 ವ್ಯಾಟ್ ಎಂದು ಚೀಟಿ ಅಂಟಿಸಿದ್ದರೂ ಒಳಗೆ ಅದಕ್ಕೆ ತಕ್ಕ ಸಾಮಾನು ಇರುವುದಿಲ್ಲ. ವೋಲ್ಟೇಜು ಏರಿಳಿಯುವ ಊರಲ್ಲಿ ಮೊದಲು ಸುಡುವುದು ಅದೇ, ಕೆಲವೊಮ್ಮೆ ಬೋರ್ಡನ್ನೂ ಎಳೆದುಕೊಂಡು ಹೋಗುತ್ತದೆ. ಬೇರೆಲ್ಲಿ ಉಳಿಸಿದರೂ ಇಲ್ಲಿ ಉಳಿಸಬೇಡಿ. ಹೆಸರಿರುವ ಕಂಪನಿಯ, ವಿದ್ಯುತ್ ದಕ್ಷತೆಯ 80 ಪ್ಲಸ್ ಗುರುತಿರುವುದನ್ನೇ ಕೊಳ್ಳಿ. ಎರಡು, ಅರ್ತಿಂಗ್. ಎಷ್ಟೋ ಹಳೆಯ ಮನೆಗಳಲ್ಲಿ ಪ್ಲಗ್ಗಿನ ಮೂರನೇ ತೂತಿಗೆ ತಂತಿಯೇ ಇರುವುದಿಲ್ಲ. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ, ಕಂಪ್ಯೂಟರು ಕೆಟ್ಟಿದೆ ಎಂದುಕೊಳ್ಳುತ್ತಾರೆ. ಎಸ್‌ಎಂಪಿಎಸ್ಸಿನ ಫಿಲ್ಟರು ಸೋರಬಿಡುವ ಅಲ್ಪ ವಿದ್ಯುತ್ತಿಗೆ ನೆಲ ಸೇರುವ ದಾರಿ ಇಲ್ಲದಾಗ ಹಾಗಾಗುತ್ತದೆ. ಎಲೆಕ್ಟ್ರಿಷಿಯನ್ನನ್ನು ಕರೆಸಿ ಅರ್ತಿಂಗ್ ಮಾಡಿಸಿದರೆ ಕಂಪ್ಯೂಟರಿನ ಜೊತೆ ಮನೆಯವರೂ ಸುರಕ್ಷಿತರು. ಇಂಥ ಅರಿವನ್ನು ಯಾವ ಲ್ಯಾಪ್‌ಟಾಪು ಯಾರಿಗೆ ಕೊಟ್ಟಿತು?

ಸಾಫ್ಟ್‌ವೇರಿನಲ್ಲೂ ಇದೇ ಕಥೆ. ಅಂಗಡಿಯಲ್ಲಿ "ವಿಂಡೋಸ್ ಹಾಕಿಕೊಡ್ತೀವಿ" ಎಂದು ಕದ್ದ ಪ್ರತಿಯನ್ನು ಹಾಕಿಕೊಡುತ್ತಾರೆ, ಅದರ ಬೀಗ ಮುರಿಯುವ ತಂತ್ರಾಂಶದ ಜೊತೆ ವೈರಸ್ಸೂ ಬರುತ್ತದೆ. ಓದಲು ಹೊರಟ ಮಗುವಿನ ಮೊದಲ ಕಂಪ್ಯೂಟರು ಕಳವಿನ ಮಾಲಿನಿಂದ ಏಕೆ ಆರಂಭವಾಗಬೇಕು? ವಿಂಡೋಸಿನ ಬದಲು ಹಾಕಿಕೊಳ್ಳಬಹುದಾದ ಉಬುಂಟು, ಲಿನಕ್ಸ್ ಮಿಂಟ್ ಉಚಿತ, ಕಾನೂನುಬದ್ಧ. ಪಠ್ಯಕ್ರಮದ ಸಿ ಕಂಪೈಲರು, ಪೈಥಾನ್, ಮೈಎಸ್‌ಕ್ಯುಎಲ್ ಎಲ್ಲವೂ ಅವುಗಳಲ್ಲಿ ಓಡುತ್ತವೆ, ಯುನಿಕೋಡ್ ಕನ್ನಡವೂ ಮೂಡುತ್ತದೆ.

ಸರ್ಕಾರಗಳ ಪಾತ್ರವನ್ನು ಬಿಟ್ಟು ಈ ಲೇಖನ ಮುಗಿಸಲಾರೆ, ಏಕೆಂದರೆ ಮುಚ್ಚಿದ ಪೆಟ್ಟಿಗೆಯ ಪೂಜೆಗೆ ಅಧಿಕೃತ ಮುದ್ರೆ ಒತ್ತಿದವರು ಅವರು. 2011ರ ಅಕ್ಟೋಬರಿನಲ್ಲಿ ಕೇಂದ್ರ ಸಚಿವರಾಗಿದ್ದ ಕಪಿಲ್ ಸಿಬಲ್ "ಆಕಾಶ್" ಟ್ಯಾಬ್ಲೆಟ್ಟನ್ನು ಬಿಡುಗಡೆ ಮಾಡಿದರು. ಜಗತ್ತಿನ ಅತಿ ಅಗ್ಗದ್ದು ಎಂದು ಸಾರಿದರು. ಮೊದಲ ಮಾದರಿಯಲ್ಲಿದ್ದದ್ದು 366 ಮೆಗಾಹರ್ಟ್ಸ್ ಪ್ರೊಸೆಸರು, 256 ಎಂಬಿ ರ‍್ಯಾಮು. ನಿಧಾನವೆಂದು ದೂರುಗಳು ಬಂದವು, ಏರಿಸಲು ಬರುವಂತಿರಲಿಲ್ಲ, ಕಸವಾಯಿತು. ಕೆಲವೇ ತಿಂಗಳ ನಂತರ, 2012ರ ಫೆಬ್ರುವರಿ 29ರಂದು, ಇಂಗ್ಲೆಂಡಿನಲ್ಲಿ ರಾಸ್ಪ್‌ಬೆರಿ ಪೈ ಹೊರಬಂತು. ಅದೂ 35 ಡಾಲರಿನ ಅಗ್ಗದ ಸಾಧನವೇ. ಆದರೆ ಅದು ಬರೀ ಬೋರ್ಡು, ಮೈತೆರೆದುಕೊಂಡಿತ್ತು. ಕೇಂಬ್ರಿಜ್‌ಗೆ ಕಂಪ್ಯೂಟರ್ ವಿಜ್ಞಾನ ಓದಲು ಬರುವ ಹುಡುಗರಿಗೆ ಕಂಪ್ಯೂಟರಿನ ಒಳಗು ಗೊತ್ತಿಲ್ಲದಂತಾಗುತ್ತಿದೆ ಎಂಬ ಚಿಂತೆಯಿಂದ ಎಬೆನ್ ಅಪ್ಟನ್ ಮತ್ತು ಗೆಳೆಯರು ಅದನ್ನು ರೂಪಿಸಿದ್ದರು. ಬಳಸುವವರು ಒಳಗನ್ನು ಕಲಿಯಬಲ್ಲರು ಎಂದು ಅವರು ನಂಬಿದರು. ನಾವು ನಂಬಲಿಲ್ಲ. ಆಮೇಲೂ ಪಾಠ ಕಲಿಯದೆ ನಮ್ಮ ರಾಜ್ಯವು ಸರ್ಕಾರಿ ಪದವಿ ಕಾಲೇಜುಗಳ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿತು, 2021ರಲ್ಲಿ ಟ್ಯಾಬ್ಲೆಟ್ ಹಂಚಿತು. ಹಂಚಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ, ಇಲ್ಲದವರಿಗೆ ಕೊಡಲೇಬೇಕು. ಎಲ್ಲರಿಗೂ ಒಂದೇ ಮಾದರಿಯನ್ನು ಆರಿಸಿದವರು ಯಾರು? ಕೆಟ್ಟಾಗ ರಿಪೇರಿ ಎಲ್ಲಿ, ಬಿಡಿಭಾಗ ಎಲ್ಲಿ ಎಂದು ಕೇಳಿದ ವಿದ್ಯಾರ್ಥಿಗೆ ಉತ್ತರ ಕೊಟ್ಟವರು ಯಾರು? ಗ್ರಾಹಕರ ರಿಪೇರಿ ಹಕ್ಕಿಗಾಗಿ ಕೇಂದ್ರ 2022ರ ಜುಲೈನಲ್ಲಿ ಸಮಿತಿ ಮಾಡಿತು. ತಾನೇ ಹಂಚುವ ಸಾಧನಕ್ಕೆ ಆ ಹಕ್ಕನ್ನು ಅನ್ವಯಿಸಲು ರಾಜ್ಯ ಸರ್ಕಾರಕ್ಕೆ ಏನು ಅಡ್ಡಿ?

ಕಾಲೇಜುಗಳಂತೂ ತಮ್ಮ ಹೊಣೆಯಿಂದ ತಪ್ಪಿಸಿಕೊಂಡಿವೆ. ಲ್ಯಾಬಿನ ಮೂಲೆಯಲ್ಲಿ ಕೆಟ್ಟ ಸಿಪಿಯುಗಳು ಧೂಳು ತಿನ್ನುತ್ತಿರುತ್ತವೆ, ಸ್ಟಾಕ್ ರಿಜಿಸ್ಟರಿನಲ್ಲಿ ನಂಬರಿದೆ ಎಂಬ ಕಾರಣಕ್ಕೆ ಯಾರೂ ಸ್ಕ್ರೂ ಬಿಚ್ಚುವಂತಿಲ್ಲ. ಕಂಪ್ಯೂಟರ್ ವಿಜ್ಞಾನ ವಿಭಾಗದಲ್ಲಿ ಕಂಪ್ಯೂಟರನ್ನು ಮುಟ್ಟಬಾರದು! ಹುಡುಗಿಯರ ಪಾಲಿಗೆ ಈ ನಿಷೇಧ ಇಮ್ಮಡಿ. ಹುಡುಗ ಸ್ಕ್ರೂಡ್ರೈವರ್ ಹಿಡಿದರೆ "ಏನೋ ಕಲೀತಾನೆ", ಹುಡುಗಿ ಹಿಡಿದರೆ "ನಿಂಗ್ಯಾಕಮ್ಮ ಇದೆಲ್ಲ, ಹಾಳು ಮಾಡ್ತೀಯ". ನರಸಾಪುರದ ಕಾರ್ಖಾನೆಗೆ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಈ ಮಾತನ್ನು ಯಾರೂ ಹೇಳುವುದಿಲ್ಲ, ಅಲ್ಲಿ ಅವರ ಕೈ ಬೇಕು. ಮನೆಯಲ್ಲಿ, ಲ್ಯಾಬಿನಲ್ಲಿ ಮಾತ್ರ ಅದೇ ಕೈ ಹಾಳು ಮಾಡುವ ಕೈ ಆಗುತ್ತದೆ. ಇದನ್ನು ಇನ್ನೆಷ್ಟು ದಿನ ಸಹಿಸಬೇಕು?

ಬದಲಾವಣೆಗೆ ಕೋಟಿಗಳ ಯೋಜನೆ ಬೇಕಿಲ್ಲ. ಟಮಕದಲ್ಲಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ತನ್ನ ಬಿಸಿಎ ಮೊದಲ ಸೆಮಿಸ್ಟರಿನಲ್ಲಿ ಒಂದು ಕಂಪ್ಯೂಟರನ್ನು ಬಿಚ್ಚಿ ಮತ್ತೆ ಜೋಡಿಸುವುದನ್ನು ಕಡ್ಡಾಯ ಪ್ರಾಯೋಗಿಕ ಪರೀಕ್ಷೆ ಮಾಡಲಿ. ಲ್ಯಾಬಿನ ಕೆಟ್ಟ ಸಿಪಿಯುಗಳನ್ನು ಇದಕ್ಕಾಗಿ ಬಿಡುಗಡೆ ಮಾಡಲಿ, ಅವು ಮತ್ತೆ ಕೆಟ್ಟರೂ ನಷ್ಟವಿಲ್ಲ. ಪ್ರತಿ ವರ್ಷ ಪ್ರವೇಶದ ವಾರದಲ್ಲಿ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಆ ತಿಂಗಳ ಬಿಡಿಭಾಗಗಳ ಬೆಲೆ, ಯಾವುದು ಯಾವುದಕ್ಕೆ ಹೊಂದುತ್ತದೆ, ಯಾವುದನ್ನು ಕೊಳ್ಳಬಾರದು ಎಂಬುದನ್ನು ಕನ್ನಡದಲ್ಲಿ ಬರೆದು ಹಾಕಲಿ. ಎರಡನೇ ವರ್ಷದ ವಿದ್ಯಾರ್ಥಿಗಳೇ ಅದನ್ನು ಸಿದ್ಧಪಡಿಸಬಲ್ಲರು. ಸರ್ಕಾರ ಲ್ಯಾಪ್‌ಟಾಪ್ ಹಂಚುವ ಮೊತ್ತವನ್ನೇ, ಬೇಕೆನ್ನುವ ವಿದ್ಯಾರ್ಥಿಗೆ ಬಿಡಿಭಾಗಗಳ ಜಿಎಸ್‌ಟಿ ಬಿಲ್ಲಿನ ಮೇಲೆ ಕೊಡುವ ಅವಕಾಶ ಮಾಡಲಿ. ವಕ್ಕಲೇರಿಯಂಥ ಹೋಬಳಿ ಕೇಂದ್ರಗಳ ಗ್ರಂಥಾಲಯದಲ್ಲಿ ಬಿಚ್ಚಿದ ಒಂದು ಕಂಪ್ಯೂಟರು, ಒಂದು ಸ್ಕ್ರೂಡ್ರೈವರು, ಮುಟ್ಟಲು ಅನುಮತಿ, ಇಷ್ಟಿರಲಿ.

ತಂದೆತಾಯಿಗಳಲ್ಲಿ ನನ್ನ ಕೋರಿಕೆ ಒಂದೇ. ಈ ಸಲ ಕಂತಿನ ಕಾಗದಕ್ಕೆ ಸಹಿ ಹಾಕುವ ಮುಂಚೆ ನಿಮ್ಮ ಮಗಳ ಕೈಗೆ ಒಂದು ಹಾಳೆ ಕೊಡಿ. ಪ್ರೊಸೆಸರು, ಬೋರ್ಡು, ರ‍್ಯಾಮು, ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಕ್ಯಾಬಿನೆಟ್ಟು, ಮಾನಿಟರು, ಯುಪಿಎಸ್ಸು, ಒಂದೊಂದರ ಎದುರು ಯಾವುದು, ಏಕೆ, ಎಷ್ಟು ಎಂದು ಬರೆಯಲು ಹೇಳಿ, ಒಂದು ವಾರ ಸಮಯ ಕೊಡಿ. ಆಮೇಲೆ ಅವಳ ಪಕ್ಕದಲ್ಲಿ ಕೂತು ಅದನ್ನು ಓದಿ, ಮೋಟರು ಕೊಳ್ಳುವಾಗ ಕೇಳುವ ಪ್ರಶ್ನೆಗಳನ್ನೇ ಕೇಳಿ. ಅವಳ ಉತ್ತರಗಳು ಸರಿಯೆನಿಸಿದರೆ ಹಣವನ್ನು ಅವಳ ಕೈಗೇ ಕೊಡಿ. ಎಸ್.ಪಿ. ರಸ್ತೆಗೆ ಅವಳ ಜೊತೆ ಹೋಗಿ, ಆದರೆ ಅಂಗಡಿಯಲ್ಲಿ ಮಾತಾಡಲು ಅವಳನ್ನೇ ಬಿಡಿ.